ದೂರದ ಓದುಗರಿಗಾಗಿ ಒಂದು ಇಂಗ್ಲೆಂಡ್

ಬ್ರಿಟನ್ನಿನ ಚರಿತ್ರೆಗೆಂದೇ ಮೀಸಲಾದ ಸಚಿತ್ರ ಪತ್ರಿಕೆಯೊಂದು 1974ರಲ್ಲಿ ಶುರುವಾಯಿತು. ಶುರುವಾದದ್ದು ಲಂಡನ್ನಿನಲ್ಲಲ್ಲ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಅಮೆರಿಕದ ಅಂತರ್ಯುದ್ಧದ ಕಥೆಗಳನ್ನು ಚಿತ್ರಗಳ ಸಮೇತ ಅಚ್ಚು ಹಾಕುತ್ತಿದ್ದ ಹಿಸ್ಟಾರಿಕಲ್ ಟೈಮ್ಸ್ ಸಂಸ್ಥೆ ಅದನ್ನು ‘ಬ್ರಿಟಿಷ್ ಹಿಸ್ಟರಿ ಇಲಸ್ಟ್ರೇಟೆಡ್’ ಎಂಬ ಹೆಸರಿನಲ್ಲಿ ತಂದಿತು. ಕೆಲವೇ ವರ್ಷಗಳಲ್ಲಿ ಅದು ‘ಬ್ರಿಟಿಷ್ ಹೆರಿಟೇಜ್’ ಆಯಿತು. ಆಮೇಲೆ ಆ ಹೆಸರಿಗೆ ‘ಟ್ರಾವೆಲ್’ ಕೂಡ ಸೇರಿಕೊಂಡಿತು. ಅಜ್ಜನೋ ಮುತ್ತಜ್ಜನೋ ಹಡಗು ಹತ್ತಿ ಬಿಟ್ಟುಬಂದ ನಾಡನ್ನು ಮೊಮ್ಮಕ್ಕಳು ಓದಿ ತಿಳಿದುಕೊಳ್ಳಲಿ, ಕೈಯಲ್ಲಿ ಕಾಸಿದ್ದರೆ ಹೋಗಿ ನೋಡಿಕೊಂಡೂ ಬರಲಿ ಎಂಬ ಪತ್ರಿಕೆ ಅದು.

ದುಬೈಯ ರಾಸ್ ಅಲ್ ಖೋರ್‌ನಲ್ಲಿ ಕೂತು ಓದುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ನಾನು ಕೆಲಸ ಮಾಡುವ ಈ ಕೈಗಾರಿಕಾ ಪ್ರದೇಶದಲ್ಲಿ ತಗಡಿನ ಮಾಡಿನ ಗೋದಾಮುಗಳು, ಗ್ಯಾರೇಜುಗಳು, ಹಳೆ ಕಾರುಗಳ ಸಾಲುಗಳು. ಇಲ್ಲಿರುವವರೆಲ್ಲ ಎಲ್ಲಿಂದಲೋ ಬಂದವರೇ. ಪುತ್ತೂರಿನವರು, ಭಟ್ಕಳದವರು, ಪೇಶಾವರದವರು, ಮ್ಯಾಂಚೆಸ್ಟರಿನವರು. ನಿವೃತ್ತಿಯಾಗಿ ತಾಯ್ನಾಡಿಗೆ ಹೊರಟ ಹಿರಿಯ ಬ್ರಿಟಿಷ್ ಎಂಜಿನಿಯರೊಬ್ಬರು ಆಫೀಸಿನಲ್ಲಿ ಬಿಟ್ಟುಹೋದ ಪತ್ರಿಕೆಗಳ ಕಟ್ಟು ನನ್ನ ಪಾಲಿಗೆ ಬಂತು. ‘ಬ್ರಿಟಿಷ್ ಹೆರಿಟೇಜ್’, ‘ದಿಸ್ ಇಂಗ್ಲೆಂಡ್’, ಅಲ್ಲೊಂದು ಇಲ್ಲೊಂದು ‘ಕಂಟ್ರಿ ಲೈಫ್’. 2022ರಿಂದ ಈ ದೇಶದಲ್ಲಿ ಶನಿವಾರ, ಭಾನುವಾರ ವಾರದ ರಜೆಯಾದ ಮೇಲೆ ಭಾನುವಾರದ ಓದು ನಮಗೂ ದಕ್ಕಿದೆ. ಈ ಕಟ್ಟಿಗೆ ನಾನು ಅದನ್ನು ಮನಸಾರೆ ಮೀಸಲಿಟ್ಟಿದ್ದೇನೆ.

ಇವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ‘ದಿಸ್ ಇಂಗ್ಲೆಂಡ್’. ರಾಯ್ ಫೇಯರ್ಸ್ ಎಂಬ ಪತ್ರಕರ್ತ 1968ರಲ್ಲಿ ಆರಂಭಿಸಿದ ತ್ರೈಮಾಸಿಕ. ವಿದೇಶಗಳಲ್ಲಿ ನೆಲೆಸಿದ ಇಂಗ್ಲಿಷರಲ್ಲಿ ಅದಕ್ಕೆ ಮೊದಲಿನಿಂದಲೂ ದೊಡ್ಡ ಓದುಗ ಬಳಗ. ಪುಟ ತೆರೆದರೆ ಸಿಗುವುದು ಹಳ್ಳಿಯ ಕೆರೆದಂಡೆ, ಚರ್ಚಿನ ಗಂಟೆ ಬಾರಿಸುವವರ ಕೂಟ, ಸುಣ್ಣಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹೊಲದ ಗೋಡೆ, ಕೆಂಪು ಅಂಚೆಪೆಟ್ಟಿಗೆ. ಅರಮನೆಗಳಿಗೂ ಜಾಗವಿದೆ, ಆದರೆ ಪತ್ರಿಕೆಯ ಜೀವ ಇರುವುದು ಈ ಸಣ್ಣ ಸಂಗತಿಗಳಲ್ಲಿ. ಓದುಗರ ಪತ್ರಗಳ ಪುಟವನ್ನಂತೂ ನಾನು ಬಿಟ್ಟದ್ದೇ ಇಲ್ಲ.

ಈ ಪತ್ರಿಕೆ ಬಂದ ಕಾಲ ಎಂಥದ್ದು ಎಂದು ನೋಡಬೇಕು. 1963ರ ಬೀಚಿಂಗ್ ವರದಿಯ ಮೇಲೆ ಬ್ರಿಟನ್ನಿನಲ್ಲಿ ಸಾವಿರಾರು ಮೈಲಿ ರೈಲುಮಾರ್ಗ ಮುಚ್ಚಿಹೋಗುತ್ತಿತ್ತು. ಹಳ್ಳಿಗಳ ಸ್ಟೇಷನ್ನುಗಳಿಗೆ ಬೀಗ ಬೀಳುತ್ತಿತ್ತು. ಪತ್ರಿಕೆ ಹೊರಬಂದ ವರ್ಷವೇ, ಅಂದರೆ 1968ರ ಆಗಸ್ಟ್ 11ರಂದು, ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗದಲ್ಲಿ ಉಗಿಬಂಡಿಯ ಕೊನೆಯ ಪ್ರಯಾಣಿಕ ಗಾಡಿ ಓಡಿತು. ಕಣ್ಣೆದುರೇ ಕಾಣೆಯಾಗುತ್ತಿದ್ದುದನ್ನು ಜನ ಕಾಗದದ ಮೇಲಾದರೂ ಹಿಡಿದಿಟ್ಟುಕೊಳ್ಳಲು ನೋಡಿದರು. ಕೆಲವರು ಕಾಗದಕ್ಕಷ್ಟೇ ತೃಪ್ತಿಪಡಲಿಲ್ಲ. ವೇಲ್ಸಿನ ಟಾಲಿಲ್ಲಿನ್ ಎಂಬ ಪುಟ್ಟ ರೈಲುಮಾರ್ಗವನ್ನು 1951ರಲ್ಲೇ ಸ್ವಯಂಸೇವಕರು ವಹಿಸಿಕೊಂಡು ತಾವೇ ಓಡಿಸತೊಡಗಿದ್ದರು. ಅದು ಇಂದಿಗೂ ಓಡುತ್ತಿದೆ.

1974 ಮತ್ತೂ ದೊಡ್ಡ ವರ್ಷ. ಆ ಏಪ್ರಿಲ್ 1ರಂದು ಇಂಗ್ಲೆಂಡಿನ ಕೌಂಟಿಗಳ, ಎಂದರೆ ಜಿಲ್ಲೆಗಳ, ಗಡಿಗಳನ್ನು ಹೊಸದಾಗಿ ಎಳೆಯಲಾಯಿತು. ಹಲವು ಹಳೆಯ ಹೆಸರುಗಳು ನಕ್ಷೆಯಿಂದ ಅಳಿಸಿಹೋದವು. ‘ದಿಸ್ ಇಂಗ್ಲೆಂಡ್’ ಹಳೆಯ ಕೌಂಟಿಗಳ ಪರ ವರ್ಷಾನುಗಟ್ಟಲೆ ಬರೆಯಿತು. ನನಗೆ ಇವುಗಳಲ್ಲಿ ರಟ್ಲೆಂಡಿನ ಕಥೆ ಎಲ್ಲಕ್ಕಿಂತ ಇಷ್ಟ. ಇಂಗ್ಲೆಂಡಿನ ಐತಿಹಾಸಿಕ ಕೌಂಟಿಗಳಲ್ಲಿ ಅತಿ ಚಿಕ್ಕದು ಅದು. ಅದನ್ನು ಪಕ್ಕದ ಲೆಸ್ಟರ್‌ಷೈರಿಗೆ ಸೇರಿಸಿಬಿಟ್ಟರು. ಊರವರು ಸುಮ್ಮನಾಗಲಿಲ್ಲ. 23 ವರ್ಷ ಪಟ್ಟು ಹಿಡಿದು, 1997ರ ಏಪ್ರಿಲ್ 1ರಂದು ಆಡಳಿತದಲ್ಲೂ ತಮ್ಮ ಹೆಸರನ್ನು ವಾಪಸು ಪಡೆದರು. 1956ರ ನವೆಂಬರ್ 1ರವರೆಗೆ ತನ್ನದೇ ರಾಜ್ಯವಾಗಿದ್ದ ಕೊಡಗಿನವರಿಗೆ, ಅದೇ ದಿನ ಗಡಿಯ ಆಚೆಗೆ ಉಳಿದ ಕಾಸರಗೋಡಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಡಿಯ ಗೆರೆ ಒಂದೇ ದಿನದಲ್ಲಿ ಬದಲಾಗಬಹುದು, ಜನರ ಮನಸ್ಸಿನಲ್ಲಿರುವ ಊರು ಅಷ್ಟು ಬೇಗ ಬದಲಾಗುವುದಿಲ್ಲ.

ರಟ್ಲೆಂಡಿನ ಪಟ್ಟಣ ಓಕಮ್. ಅಲ್ಲಿ 12ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಕೋಟೆಮನೆಯ ದೊಡ್ಡ ಹಜಾರವೊಂದು ಈಗಲೂ ನಿಂತಿದೆ. ಒಳಗೆ ಹೋದರೆ ಗೋಡೆ ತುಂಬ ಕುದುರೆಯ ಲಾಳಗಳು, ಇನ್ನೂರಕ್ಕೂ ಹೆಚ್ಚು. ಮೊದಲ ಬಾರಿ ಈ ಪಟ್ಟಣಕ್ಕೆ ಬರುವ ರಾಜಮನೆತನದವರು, ಸರದಾರರು ಒಂದು ಲಾಳ ಕೊಟ್ಟು ಹೋಗಬೇಕೆಂಬುದು ಕಟ್ಟಳೆ. ಉಳಿದಿರುವವುಗಳಲ್ಲಿ ಅತಿ ಹಳೆಯದು 15ನೆಯ ಶತಮಾನದ ನಾಲ್ಕನೆಯ ಎಡ್ವರ್ಡ್ ರಾಜನ ಹೆಸರಿನದು. ಮೊದಮೊದಲು ನಿಜವಾದ ಲಾಳಗಳೇ ಬರುತ್ತಿದ್ದವು. ಕ್ರಮೇಣ ಅವು ದೊಡ್ಡದಾಗಿ, ಬಣ್ಣ ಬಳಿದುಕೊಂಡು, ಮೇಲೆ ಕಿರೀಟ ಹೊತ್ತು ಬರತೊಡಗಿದವು. ಎಲ್ಲವನ್ನೂ ತುದಿ ಕೆಳಗಾಗಿ ತೂಗುಹಾಕಿದ್ದಾರೆ. ಮೇಲ್ಮುಖವಾಗಿಟ್ಟರೆ ಆ ಕುಳಿಯಲ್ಲಿ ಸೈತಾನ ಬಂದು ಕೂರುತ್ತಾನೆಂಬುದು ಅಲ್ಲಿಯವರ ನಂಬಿಕೆ. ಇಂಥ ಒಂದು ಗೋಡೆಯ ಎದುರು ಓದುಗನನ್ನು ನಿಲ್ಲಿಸಿ, ಅವಸರಪಡಿಸದೆ ತೋರಿಸುವುದು ಪರಂಪರೆಯ ಪತ್ರಿಕೆಯ ನಿಜವಾದ ಕಸುಬು.

ಅದೇ 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಒಂದು ಪ್ರದರ್ಶನ ನಡೆಸಿತು. ಅದರ ವಿಷಯ, ಹಿಂದಿನ ನೂರು ವರ್ಷಗಳಲ್ಲಿ ಕೆಡವಲಾದ ಹಳ್ಳಿಗಾಡಿನ ಬಂಗಲೆಗಳು. ಮುರಿದುಬಿದ್ದ ಕಂಬಗಳಂತೆ ಜೋಡಿಸಿದ ಕೋಣೆಯಲ್ಲಿ, ಇಲ್ಲವಾದ ಮನೆಗಳ ಹೆಸರುಗಳನ್ನು ಒಂದು ದನಿ ಒಂದೊಂದಾಗಿ ಓದುತ್ತಿತ್ತಂತೆ. ಅಂಥ ಎಷ್ಟೋ ಮನೆಗಳು ನಮಗೆ ಕಾಣಸಿಗುವುದು 1897ರಿಂದ ವಾರವಾರ ಬರುತ್ತಿರುವ ‘ಕಂಟ್ರಿ ಲೈಫ್’ನ ಹಳೆಯ ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ. ಮರುವರ್ಷ ‘ಸೇವ್ ಬ್ರಿಟನ್ಸ್ ಹೆರಿಟೇಜ್’ ಎಂಬ ಸಂಘಟನೆ ಹುಟ್ಟಿ, ಕೆಡವುವವರನ್ನು ಬಹಿರಂಗವಾಗಿ ಪ್ರಶ್ನಿಸತೊಡಗಿತು. ಒಂದು ಪತ್ರಿಕೆಯ ಫೋಟೊಗಳು ಊರುಗಳ ದಾಖಲೆಯಾಗಿ, ಹೋರಾಟಕ್ಕೆ ಸಾಕ್ಷಿಯಾಗಿ ನಿಲ್ಲಬಲ್ಲವು ಎಂಬುದೇ ನನಗೆ ದೊಡ್ಡ ಮಾತು.

ಇಷ್ಟು ಪ್ರೀತಿಯಿಂದ ಓದುವವನಿಗೆ ಒಂದು ಕೊರತೆಯೂ ಕಾಣದಿರುವುದಿಲ್ಲ. ಬಂಗಲೆಯ ಅಗ್ಗಿಷ್ಟಿಕೆ, ಮೆಟ್ಟಿಲು, ಗುಲಾಬಿ ತೋಟಗಳ ಬಗ್ಗೆ ಪುಟಗಟ್ಟಲೆ ಬರೆಯುವ ಈ ಪತ್ರಿಕೆಗಳು, ಕಟ್ಟಿದ ಹಣ ಎಲ್ಲಿಂದ ಬಂತು ಎಂಬಲ್ಲಿ ಬಹುಕಾಲ ಮಾತು ಮೊಟಕು ಮಾಡಿದವು. ಇಂಥ ನೂರಾರು ಮನೆಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ 2020ರಲ್ಲಿ ವರದಿಯೊಂದನ್ನು ಹೊರತಂದು, ತನ್ನ 93 ತಾಣಗಳಿಗೆ ವಸಾಹತು ಆಳ್ವಿಕೆ ಮತ್ತು ಗುಲಾಮಗಿರಿಯ ನಂಟಿದೆ ಎಂದಿತು. ದೊಡ್ಡ ಗದ್ದಲವೇ ಆಯಿತು. ಆದರೆ ಕನ್ನಡದ ಓದುಗರಿಗೆ ಆ ನಂಟು ಹೊಸದಲ್ಲ, ಅದರ ಒಂದು ಕೊನೆ ನಮ್ಮಲ್ಲೇ ಇದೆ.

ವೇಲ್ಸಿನ ಪೋವಿಸ್ ಕೋಟೆಯನ್ನೇ ನೋಡಿ. ಗುಡ್ಡದ ಮೇಲಿನ ಕೆಂಪುಕಲ್ಲಿನ ಕೋಟೆ, ಕೆಳಗೆ ಹಂತಹಂತವಾಗಿ ಇಳಿಯುವ ಹೂದೋಟ. ಪ್ರವಾಸದ ಪತ್ರಿಕೆಗಳಿಗೆ ಬಲು ಪ್ರಿಯವಾದ ಜಾಗ. ಅದರೊಳಗೆ ಟಿಪ್ಪು ಸುಲ್ತಾನನ ಡೇರೆ ಇದೆ. ಬಿಳಿ ಹತ್ತಿಬಟ್ಟೆಯ ಮೇಲೆ ಕೆಂಪು, ಹಸಿರಿನಲ್ಲಿ ಮೂಡಿಸಿದ ಹೂದಾನಿಗಳು, ಅವುಗಳಿಂದ ಎರಡೂ ಕಡೆಗೆ ಸಮನಾಗಿ ಬಾಗಿದ ಹೂಬಳ್ಳಿಗಳು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್. ಅವನ ಹೆಂಡತಿ ಹೆನ್ರಿಯೆಟ್ಟಾ ಪೋವಿಸ್ ಮನೆತನದ ಮಗಳು. ಹೀಗೆ ಡೇರೆ ವೇಲ್ಸ್ ಸೇರಿತು. ದಂಡಯಾತ್ರೆಗಳಿಗೆಂದು ಹೊಲಿದ ಬಟ್ಟೆಯ ಕೆಳಗೆ ಅಲ್ಲಿ ತೋಟದ ಔತಣಗಳು ನಡೆದವು.

ಹೆನ್ರಿಯೆಟ್ಟಾಳ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮರುವರ್ಷ, 1800ರಲ್ಲಿ, ಆಕೆ ಇಬ್ಬರು ಹೆಣ್ಣುಮಕ್ಕಳನ್ನೂ ಆನ್ನಾ ಟೊನೆಲ್ಲಿ ಎಂಬ ಇಟಲಿಯ ಚಿತ್ರಕಾರ್ತಿಯನ್ನೂ ಕರೆದುಕೊಂಡು ಮದರಾಸಿನಿಂದ ಹೊರಟು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಹಾದು, ತಮಿಳುನಾಡನ್ನು ಸುತ್ತಿಕೊಂಡು ಮರಳಿದಳು. ಏಳು ತಿಂಗಳ ದಾರಿ, ಸಾವಿರ ಮೈಲಿಗೂ ಮಿಕ್ಕಿ. ಆಕೆ ಪತ್ರ ಬರೆದಳು, ದಿನಚರಿ ಇಟ್ಟಳು. ಗಿಡ, ಕಲ್ಲುಗಳನ್ನು ಕೂಡಿಹಾಕಿದಳು. ಹನ್ನೆರಡರ ಹರೆಯದ ಮಗಳು ಷಾರ್ಲೆಟ್ ಕೂಡ ಕಂಡದ್ದನ್ನೆಲ್ಲ ಬರೆದಿಟ್ಟಳು. ಅದೇ ಷಾರ್ಲೆಟ್ ಮುಂದೆ ನಾರ್ಥಂಬರ್ಲೆಂಡಿನ ಡಚೆಸ್ ಆಗಿ, ಬಾಲಕಿ ವಿಕ್ಟೋರಿಯಾಳ ಶಿಕ್ಷಣದ ಉಸ್ತುವಾರಿ ಹೊತ್ತಳು. ಯುದ್ಧದ ಹೊಗೆ ಆಗಷ್ಟೇ ಆರಿದ್ದ ಶ್ರೀರಂಗಪಟ್ಟಣದ ಬೀದಿಗಳನ್ನು ಕಂಡ ಹುಡುಗಿ, ಮುಂದೆ ಭಾರತದ ಚಕ್ರವರ್ತಿನಿ ಎನಿಸಿಕೊಂಡವಳಿಗೆ ಪಾಠದ ಮೇಲ್ವಿಚಾರಕಿ!

ನಾನಿರುವ ರಾಸ್ ಅಲ್ ಖೋರ್ ಕೂಡ ಬ್ರಿಟಿಷರ ಚರಿತ್ರೆಗೆ ಹೊರತಲ್ಲ. ದುಬೈಯ ಕ್ರೀಕ್ ಒಳನಾಡಿಗೆ ಹರಿದು ಇಲ್ಲಿ ಅಗಲವಾಗಿ ಹರಡಿಕೊಂಡಿದೆ. ಹೂಳು ತುಂಬಿ ಹಡಗುಗಳಿಗೆ ದಾರಿಯಿಲ್ಲದಂತಾಗಿದ್ದ ಕ್ರೀಕನ್ನು ಶೇಖ್ ರಶೀದ್ ಅವರ ಕಾಲದಲ್ಲಿ, 1961ರ ಹೊತ್ತಿಗೆ, ಅಗೆದು ಆಳ ಮಾಡಿದ ಕೆಲಸದ ಹಿಂದೆ ಹ್ಯಾಲ್ಕ್ರೊ ಎಂಬ ಬ್ರಿಟಿಷ್ ಎಂಜಿನಿಯರಿಂಗ್ ಸಂಸ್ಥೆ ಇತ್ತು. ಅದಕ್ಕೂ ಹಿಂದೆ, 1909ರಲ್ಲಿ, ದುಬೈಯಲ್ಲಿ ತೆರೆದ ಮೊದಲ ಅಂಚೆ ಕಚೇರಿ ಬ್ರಿಟಿಷ್ ಭಾರತದ ಆಡಳಿತದ್ದು, ಅಂಚೆಚೀಟಿಗಳೂ ಭಾರತದವೇ. 1966ರವರೆಗೆ ಇಲ್ಲಿನ ಪೇಟೆಯಲ್ಲಿ ಓಡಿದ್ದು ರೂಪಾಯಿ. ಈಗ ಕ್ರೀಕಿನ ಈ ತುದಿ ಪಕ್ಷಿಧಾಮ. 2007ರಲ್ಲಿ ಈ ದೇಶದ ಮೊದಲ ರಾಮ್ಸಾರ್ ತಾಣವೆಂದು ಹೆಸರು ಪಡೆಯಿತು. ಸುಮಾರು ಆರು ಚದರ ಕಿಲೋಮೀಟರ್ ಕೆಸರು ನೆಲ, ಕಾಂಡ್ಲಾ ಕಾಡು, ಚಳಿಗಾಲದಲ್ಲಿ ಫ್ಲೆಮಿಂಗೊಗಳ ಹಿಂಡು. ನೋಡುಗರಿಗೆ ಮರೆಗಳನ್ನು ಕಟ್ಟಿ, ಒಳಗೆ ದುರ್ಬೀನು ಇಟ್ಟಿದ್ದಾರೆ. ಗೋದಾಮುಗಳ ಕಡೆಯಿಂದ ಹೋದವರು ಆ ಮರೆಯಲ್ಲಿ ನಿಂತರೆ, ಕೆಸರಿನಲ್ಲಿ ಕೊಕ್ಕು ತಲೆಕೆಳಗಾಗಿ ಅದ್ದಿ ನೀರು ಸೋಸುವ ಹಕ್ಕಿಗಳು, ಹಿಂದೆ ಬುರ್ಜ್ ಖಲೀಫಾ. ಇಂಥ ಒಂದು ಜಾಗದ ಅಂಚೆ, ನಾಣ್ಯ, ಹೂಳು, ಹಕ್ಕಿಗಳನ್ನು ಒಂದೇ ಲೇಖನದಲ್ಲಿ ಕೂಡಿಸಿ ಹೇಳುವ ಬಗೆಯನ್ನು ನಾನು ಕಲಿತದ್ದು ಆ ಪತ್ರಿಕೆಗಳಿಂದಲೇ.

ಹೊಸದಾಗಿ ಓದಲು ಬಯಸುವವರಿಗೆ ದಾರಿ ಕಷ್ಟವಿಲ್ಲ. ‘ದಿಸ್ ಇಂಗ್ಲೆಂಡ್’ 2009ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ಡಿ.ಸಿ. ಥಾಮ್ಸನ್ ಸಂಸ್ಥೆಯ ಕೈ ಸೇರಿತು. ಪ್ರವಾಸದ ಲೆಕ್ಕಾಚಾರಕ್ಕೆ ‘ಬ್ರಿಟಿಷ್ ಹೆರಿಟೇಜ್’ ಹೆಚ್ಚು ಅನುಕೂಲ, ಮನೆ-ತೋಟಗಳ ವಾಸ್ತುವಿಗೆ ‘ಕಂಟ್ರಿ ಲೈಫ್’. ಲಂಡನ್ನಿಗೆ ಹೋಗುವ ಕನ್ನಡಿಗರು ಟಿಪ್ಪುವಿನ ಹುಲಿಯನ್ನು ನೋಡಲು ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ಗೆ ಹೋಗುತ್ತಾರೆ, ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ಕೈಮುಗಿಯುತ್ತಾರೆ. ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ಪೋವಿಸ್‌ಗೂ ಹೋಗಿಬನ್ನಿ ಎನ್ನುತ್ತೇನೆ.

ನನಗೆ ಕನ್ನಡದಲ್ಲಿ ಓದಬೇಕೆನಿಸುವುದು ಹೆನ್ರಿಯೆಟ್ಟಾಳ ದಾರಿಯ ಮೇಲಿನ ಒಂದು ಲೇಖನಮಾಲೆ. ಬೆಂಗಳೂರು ಕೋಟೆಯ ಉಳಿದ ತುಣುಕಿನಿಂದ ಹೊರಟು, ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಚಿತ್ರಗಳ ಮುಂದೆ ನಿಂತು, ಗ್ಯಾರಿಸನ್ ಸ್ಮಶಾನದ ಗೋರಿಕಲ್ಲುಗಳನ್ನು ಓದಿ, ಮೈಸೂರು ಮುಟ್ಟುವ ಬರಹ. ಆ ತಾಯಿ-ಮಗಳು ಕಂಡದ್ದೂ ಅದರಲ್ಲಿರಲಿ, ಅವರ ಸಾಮಾನು ಹೊತ್ತ ನಮ್ಮವರ ಹಳ್ಳಿಗಳೂ ಇರಲಿ. ಛಾಯಾಚಿತ್ರಗಳನ್ನು ದೊಡ್ಡದಾಗಿ ಹಾಕಲಿ. ಯಾರಾದರೂ ಸಂಪಾದಕರು ಮನಸ್ಸು ಮಾಡಿದರೆ ರಾಸ್ ಅಲ್ ಖೋರ್‌ನಿಂದ ಮೊದಲ ಚಂದಾ ನನ್ನದು.