ಬಟ್ಟೆಗೆ ಅಂಟಿದ ಚೂಯಿಂಗ್ ಗಮ್: ತೆಗೆಯುವುದು ಹೇಗೆ?

ನಾನು ಪ್ರಥಮ ಪಿಯುಸಿಯಲ್ಲಿದ್ದಾಗ, ಪ್ರಾಯೋಗಿಕ ಪರೀಕ್ಷೆಯ ಹಿಂದಿನ ಸಂಜೆ ನಡೆದ ಮಾತಿದು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬಂದು ಬಸ್ಸಿಳಿಯುವಾಗ ಹಿಂದಿದ್ದ ಗೆಳತಿ, "ಏ, ನಿನ್ನ ಟಾಪ್‌ಗೆ ಏನೋ ಅಂಟಿದೆ ಕಣೇ" ಎಂದಳು. ಯಾರೋ ಸೀಟಿಗೆ ಅಂಟಿಸಿದ್ದ ಚೂಯಿಂಗ್ ಗಮ್! ನನಗಿದ್ದದ್ದು ಎರಡೇ ಜೊತೆ ಸಮವಸ್ತ್ರ. ಇನ್ನೊಂದು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಗಾಬರಿಯಲ್ಲಿ ಬಿಸಿನೀರು ಸುರಿದು ಬ್ರಷ್ಷಿನಿಂದ ಉಜ್ಜಿದೆ. ರೂಪಾಯಿ ಅಗಲ ಇದ್ದ ಅಂಟು ಅಂಗೈ ಅಗಲವಾಯಿತು.

ಅಮ್ಮಿ ನನ್ನ ಕೈಯಿಂದ ಬ್ರಷ್ ಕಿತ್ತುಕೊಂಡು ಕೇಳಿದರು: "ಹಲಸಿನ ಹಣ್ಣು ಬಿಡಿಸುವಾಗ ಕೈಗೆ ನೀರು ಹಚ್ಚಿಕೊಳ್ತೀವಾ, ಎಣ್ಣೆ ಹಚ್ಚಿಕೊಳ್ತೀವಾ?" ನಾವು ರಸಾಯನಶಾಸ್ತ್ರದಲ್ಲಿ ಓದುವ ಪಾಠವೇ ಆ ಪ್ರಶ್ನೆಯಲ್ಲಿತ್ತು.

ಗಮ್ ನೀರಿಗೆ ಏಕೆ ಜಗ್ಗುವುದಿಲ್ಲ?

ಚೂಯಿಂಗ್ ಗಮ್ಮನ್ನು ಮೊದಲು ಮಾಡುತ್ತಿದ್ದದ್ದು ನಮಗೆಲ್ಲ ಗೊತ್ತಿರುವ ಸಪೋಟಾ ಮರದ ಹಾಲಿನಿಂದ. ಈ ಮರದ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿ ಆ ಅಂಟಿಗೆ 'ಚಿಕಲ್' ಎನ್ನುತ್ತಾರೆ. ಸಪೋಟಾ ಕಾಯಿ ಕಿತ್ತಾಗ ತೊಟ್ಟಿನಿಂದ ಒಸರುವ ಬಿಳಿ ಸೊನೆ ಕೈಗೆ ಹೇಗೆ ಅಂಟುತ್ತದೆಂದು ನೋಡಿದವರಿಗೆ ಇದು ಆಶ್ಚರ್ಯವಲ್ಲ. ಇಂದಿನ ಗಮ್‌ಗಳಲ್ಲಿ ಹೆಚ್ಚಾಗಿ ಇರುವುದು ಕೃತಕ ಪಾಲಿಮರ್‌ಗಳು. ಟೈರಿಗೆ ಬಳಸುವ ಸ್ಟೈರೀನ್-ಬ್ಯುಟಾಡೈಯೀನ್ ರಬ್ಬರಿನ ಜಾತಿಯದೂ ಅದರಲ್ಲಿ ಸೇರಿರಬಹುದು.

ಅಗಿಯುವಾಗ ಸಕ್ಕರೆ ಎಂಜಲಿನಲ್ಲಿ ಕರಗಿ ಹೋಗುತ್ತದೆ, ರಬ್ಬರು ಉಳಿಯುತ್ತದೆ. ಗಂಟೆಗಟ್ಟಲೆ ಬಾಯಲ್ಲಿಟ್ಟರೂ ಕರಗದ್ದು ಬಕೆಟ್ ನೀರಿನಲ್ಲಿ ಕರಗೀತೇ? ಸಮಾನ ಗುಣದವು ಮಾತ್ರ ಒಂದರಲ್ಲೊಂದು ಕರಗುತ್ತವೆ. ಗಮ್ ಎಣ್ಣೆಯ ಕಡೆಯದು, ನೀರಿನ ಕಡೆಯದಲ್ಲ.

ಇನ್ನು ಬಿಸಿಯ ವಿಷಯ. ಆಲೆಮನೆಯಲ್ಲಿ ಬಿಸಿ ಬೆಲ್ಲ ನೂಲಿನಂತೆ ಎಳೆಯುತ್ತದೆ, ಆರಿದರೆ ಪಟ್ಟನೆ ಮುರಿಯುತ್ತದೆ. ಗಮ್ ಕೂಡ ಹಾಗೆಯೇ. ಬಿಸಿ ತಾಗಿದರೆ ಮೆತ್ತಗಾಗಿ ನೂಲಿನ ಒಳಗೆ ಇಳಿಯುತ್ತದೆ, ಚೆನ್ನಾಗಿ ತಣ್ಣಗಾದರೆ ಗಟ್ಟಿಯಾಗಿ ಪುಡಿಯಾಗುತ್ತದೆ. ಆದ್ದರಿಂದ ಮೊದಲು ತಣ್ಣಗೆ ಮಾಡಬೇಕು, ಆಮೇಲೆ ಎಣ್ಣೆ ಹಚ್ಚಬೇಕು.

ಮಾಡುವ ಕ್ರಮ

1. ಉಜ್ಜಬೇಡಿ, ಬಿಸಿನೀರು ಹಾಕಬೇಡಿ, ಇಸ್ತ್ರಿ ಪೆಟ್ಟಿಗೆ ಮುಟ್ಟಿಸಲೇಬೇಡಿ.

2. ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಗಮ್ ಮೇಲೆ ಹದಿನೈದು-ಇಪ್ಪತ್ತು ನಿಮಿಷ ಇಡಿ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಜ್ಯೂಸ್ ಅಂಗಡಿಯಲ್ಲಿ ನಾಲ್ಕು ತುಂಡು ಕೇಳಿ ತನ್ನಿ. ಫ್ರಿಜ್ ಇದ್ದರೆ ಬಟ್ಟೆಯನ್ನೇ ಕವರಿಗೆ ಹಾಕಿ ಫ್ರೀಜರಿನಲ್ಲಿ ಒಂದೆರಡು ಗಂಟೆ ಇಡಬಹುದು.

3. ಗಟ್ಟಿಯಾದ ಕೂಡಲೇ ಚಮಚದ ಅಂಚಿನಿಂದ ನಿಧಾನವಾಗಿ ಕೆರೆಯಿರಿ. ಬ್ಲೇಡ್ ಬೇಡ, ಬಟ್ಟೆ ಹರಿಯುತ್ತದೆ. ಮತ್ತೆ ಮೆತ್ತಗಾದರೆ ಮತ್ತೆ ಐಸ್ ಇಡಿ.

4. ಉಳಿದ ಅಂಟಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಡಿ. ಬೆರಳಿನಿಂದ ತಿಕ್ಕಿದರೆ ಅಂಟು ಸಡಿಲವಾಗುತ್ತದೆ. ಚಿಂದಿ ಬಟ್ಟೆಯಿಂದ ಒರೆಸಿ ತೆಗೆಯಿರಿ.

5. ಈಗ ಉಳಿದಿರುವುದು ಎಣ್ಣೆ ಕಲೆ. ಅದಕ್ಕೆ ಪಾತ್ರೆ ತೊಳೆಯುವ ಸೋಪು ಹಚ್ಚಿ ತೊಳೆಯಿರಿ. ಕಲೆ ಪೂರ್ತಿ ಹೋದ ಮೇಲಷ್ಟೇ ಇಸ್ತ್ರಿ.

ಕೆಲವರು ಸ್ಯಾನಿಟೈಸರ್ ಬಳಸುತ್ತಾರೆ. ಅದರಲ್ಲಿರುವ ಆಲ್ಕೋಹಾಲ್ ಕೂಡ ಅಂಟನ್ನು ಸಡಿಲಿಸುತ್ತದೆ. ಆದರೆ ಬಣ್ಣ ಬಿಡುತ್ತದೆಯೇ ಎಂದು ಮೊದಲು ಒಳಹೊಲಿಗೆಯ ಮೇಲೆ ಪರೀಕ್ಷಿಸಿ, ಒಲೆಯ ಹತ್ತಿರ ಬಳಸಬೇಡಿ. ರೇಷ್ಮೆ ಬಟ್ಟೆಗೆ ಮನೆಯಲ್ಲಿ ಏನೂ ಮಾಡದೆ ಡ್ರೈಕ್ಲೀನಿಂಗ್ ಅಂಗಡಿಗೆ ಕೊಡುವುದೇ ಕ್ಷೇಮ.

ನನ್ನ ಬಟ್ಟೆಗೆ ಈ ಕೆಲಸ ಮುಗಿಯುವಾಗ ರಾತ್ರಿ ಹನ್ನೊಂದು. ಬೆಳಿಗ್ಗೆ ಇನ್ನೂ ಹಸಿಯಾಗಿದ್ದ ಸಮವಸ್ತ್ರವನ್ನೇ ಹಾಕಿಕೊಂಡು ಪರೀಕ್ಷೆಗೆ ಹೋದೆ. ಬಿಸಿನೀರು ಸುರಿಯದಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಸೀಟಿಗೆ ಗಮ್ ಅಂಟಿಸಿದವರನ್ನು ಆ ರಾತ್ರಿ ಎಷ್ಟು ಬೈದೆನೋ! ಆದರೆ ಪಾಠ ಕೇಳುತ್ತಾ ಬೆಂಚಿನ ಅಡಿಗೆ ನಾನೂ ಒಮ್ಮೆ ಅಂಟಿಸಿದ್ದೆ. ಅದು ಯಾರ ಬಟ್ಟೆಗೆ ಹತ್ತಿತೋ, ಅವರ ಮನೆಯಲ್ಲಿ ಎಷ್ಟು ಜೊತೆ ಬಟ್ಟೆ ಇತ್ತೋ ನನಗೆ ಗೊತ್ತಿಲ್ಲ. ಅಗಿದಾದ ಗಮ್ಮನ್ನು ಅದರ ಕಾಗದದಲ್ಲೇ ಸುತ್ತಿ ಕಸದ ಬುಟ್ಟಿಗೆ ಹಾಕಿ. ಐಸ್ ಬೇಡ, ಎಣ್ಣೆ ಬೇಡ, ಅರ್ಧ ನಿಮಿಷದ ಕೆಲಸ.