ಬೀಗದ ಹಿಂದಿನ ಸಹಿ

ಮೊನ್ನೆ ಅಂಕೋಲಾದಿಂದ ಅಕ್ಕನ ಫೋನು. ಮಗಳ ಕಾಲೇಜು ಫೀಸು ಕಟ್ಟಲು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. "ತಮಾ, ಮೇಲೆ ಬೀಗದ ಚಿತ್ರ ಬಂದದೆ. ದುಡ್ಡು ಕಟ್ಟಬಹುದಲಾ?" "ಕಟ್ಟು" ಅಂದುಬಿಟ್ಟೆ. ಫೋನಿಟ್ಟ ಮೇಲೆ ನನಗೇ ಕಸಿವಿಸಿ. ಆ ಬೀಗಕ್ಕೆ ಜಾಮೀನು ಯಾರು?

ನಾನು ಇಂಜಿನಿಯರಿಂಗ್ ಸೇರುವಾಗ ಅಪ್ಪ ಅಂಕಪಟ್ಟಿಯ ಝೆರಾಕ್ಸ್ ಹಿಡಿದು ನನ್ನನ್ನು ಕಾರವಾರಕ್ಕೆ ಕರೆದೊಯ್ದಿದ್ದರು. ಅಲ್ಲಿ ಗೆಜೆಟೆಡ್ ಅಧಿಕಾರಿಯೊಬ್ಬರು ಸಹಿ ಮಾಡಿ ಸೀಲು ಒತ್ತಿದರು. ಆ ಸೀಲು ನೋಡಿಯೇ ಕಾಲೇಜಿನವರು ನಂಬಿದರು. ಬ್ರೌಸರ್ ಮಾಡುವುದೂ ಇಷ್ಟೇ. ಯಾರ ಸೀಲು ನಂಬಬೇಕು ಅನ್ನುವ ಪಟ್ಟಿ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಆ ಪಟ್ಟಿಯವರು ಪ್ರಮಾಣಪತ್ರ ಕೊಟ್ಟ ವೆಬ್‌ಸೈಟಿಗೆ ಬೀಗ ಬೀಳುತ್ತದೆ.

ಸೀಲೇ ಕಳ್ಳರ ಕೈಸೇರಿದರೆ? ನಮ್ಮ ದೇಶದಲ್ಲೇ ಆಗಿದೆ ನೋಡಿ. 2014ರ ಜುಲೈ 2ರಂದು ಗೂಗಲ್ ತನ್ನ ಹೆಸರಿನ ನಕಲಿ ಪ್ರಮಾಣಪತ್ರಗಳನ್ನು ಪತ್ತೆಹಚ್ಚಿತು. ಕೊಟ್ಟದ್ದು ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಅದರ ಮೇಲಿನ ಸಂಸ್ಥೆ ಸಿಸಿಎ, ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿತ್ತು. ಹಾಗಾಗಿ ವಿಂಡೋಸ್‌ನ ಬಹುತೇಕ ಪ್ರೋಗ್ರಾಂಗಳು ಎನ್‌ಐಸಿ ಸೀಲನ್ನೂ ನಂಬುತ್ತಿದ್ದವು. ಸ್ವಂತ ಪಟ್ಟಿ ಇಟ್ಟುಕೊಂಡಿದ್ದ ಫೈರ್‌ಫಾಕ್ಸ್ ಬಚಾವಾಯಿತು. ಎನ್‌ಐಸಿ ವ್ಯವಸ್ಥೆಯೊಳಗೆ ಯಾರೋ ನುಗ್ಗಿದ್ದರು, ನಾಲ್ಕು ನಕಲಿ ಹೊರಬಿದ್ದಿವೆ ಎಂದಿತು ಸಿಸಿಎ. ಇನ್ನೂ ಇವೆ, ನಾವೇ ಕಂಡಿದ್ದೇವೆ ಎಂದಿತು ಗೂಗಲ್.

ಇಂಥ ನಕಲಿ ಹಿಡಿದವನು ಹೋಟೆಲಿನ ವೈಫೈ ನಡುವೆ ಕೂತರೆ ಸಾಕು. ನೀವು ಅಸಲಿ ವಿಳಾಸವನ್ನೇ ಟೈಪ್ ಮಾಡಿದರೂ ಅವನ ಪುಟ ತೆರೆಯಬಹುದು, ಅದೂ ಬೀಗದ ಸಮೇತ! ಮೂಲ ದೋಷ ಇಲ್ಲಿದೆ: ಪಟ್ಟಿಯಲ್ಲಿರುವ ಯಾರು ಬೇಕಾದರೂ ಯಾರ ಹೆಸರಿಗೆ ಬೇಕಾದರೂ ಸೀಲು ಒತ್ತಬಹುದಿತ್ತು.

ಆಮೇಲೆ ಎನ್‌ಐಸಿಯ ಆ ಅಧಿಕಾರ ರದ್ದಾಯಿತು. ಸಿಸಿಎ ಸೀಲು ಗವ್.ಇನ್, ನಿಕ್.ಇನ್‌ನಂಥ ಕೆಲವೇ ವಿಳಾಸಗಳಿಗೆ ಸಾಕು ಎಂದು ಕ್ರೋಮ್ ಮಿತಿ ಹಾಕಿತು. 2018ರಿಂದ ಹೊಸ ಪ್ರಮಾಣಪತ್ರಗಳೆಲ್ಲ ಸಾರ್ವಜನಿಕ ದಾಖಲೆಯಲ್ಲಿ ಇರಲೇಬೇಕು ಎಂದು ಪಟ್ಟು ಹಿಡಿಯಿತು. ಕದ್ದು ಸೀಲು ಒತ್ತಿದರೆ ಈಗ ಯಾರಾದರೂ ನೋಡುತ್ತಾರೆ.

ಅಕ್ಕನಿಗೆ ಮತ್ತೆ ಫೋನ್ ಮಾಡಿದೆ. "ಎಚ್ಚರಿಕೆಯ ಪುಟ ಬಂದರೆ 'ಮುಂದುವರಿಸಿ' ಒತ್ತಬೇಡ. ವಿಳಾಸದ ಅಕ್ಷರ ಅಕ್ಷರ ಓದು, ಮೋಸಗಾರನೂ ತನ್ನ ಸ್ವಂತ ಹೆಸರಿಗೆ ಬೀಗ ಪಡೀಬಹುದು. ಅಪ್‌ಡೇಟ್ ತಪ್ಪಿಸಬೇಡ, ರದ್ದಾದ ಸೀಲುಗಳ ಸುದ್ದಿ ಬರುವುದು ಅದರಲ್ಲೇ."

ಆ ಕಡೆ ಸ್ವಲ್ಪ ಹೊತ್ತು ಮೌನ. "ನಾಲ್ಕು ತಿಂಗಳಿಂದ 'ಆಮೇಲೆ' ಅಂತ ಒತ್ತತಾ ಇದ್ದೆ ತಮಾ."

ನೀವು?