ಮಳೆ ಬಿಟ್ಟ ಮೇಲೆ ಬ್ಯಾಸ್ಕೆಟ್‌ಬಾಲ್

ಆರಿದ್ರಾ ಮಳೆ ಹಿಡಿಯಿತೆಂದರೆ ಸಾಗರದಲ್ಲಿ ತೊಳೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಹೊಸನಗರದಲ್ಲಿ ಹೋದ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಮಳೆ ಇನ್ನೂ ಜೋರಾದರೆ ತೀರ್ಥಹಳ್ಳಿಯ ತುಂಗೆ ರಾಮ ಮಂಟಪವನ್ನು ಮುಳುಗಿಸಿಕೊಂಡೇ ಹರಿಯುತ್ತಾಳೆ. ಇಂಥ ದಿನಗಳಲ್ಲಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಗತಿ ಏನು? ಸಿಮೆಂಟಿನ ಮೇಲೆ ಹಸಿರು ಪಾಚಿ. ರಿಂಗಿನಿಂದ ತೊಟ್ಟಿಕ್ಕುವ ನೀರು. ಬಲೆ ಕೊಳೆತುಹೋದೀತೆಂದು ಮೊದಲೇ ಬಿಚ್ಚಿಟ್ಟಾಗಿದೆ. ಚೆಂಡು ಸ್ಪೋರ್ಟ್ಸ್ ರೂಮಿನ ಮೂಲೆಯಲ್ಲಿ ಗಾಳಿ ಇಳಿದು ಕೂತಿದೆ.

ಮಲೆನಾಡಿನ ಮೂರು ತಾಲ್ಲೂಕುಗಳಲ್ಲಿ ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್ ಋತು ಶುರುವಾಗುವುದೇ ಹೀಗೆ: ಆಡದೆ, ಆಕಾಶ ನೋಡುತ್ತ!

ಸೂರಿನಡಿ ಹುಟ್ಟಿದ ಆಟ

ಇದರಲ್ಲೊಂದು ತಮಾಷೆ ಇದೆ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಹವಾಮಾನದ ಕಾಟ ತಪ್ಪಿಸಿಕೊಳ್ಳುವುದಕ್ಕೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ 1891ರ ಚಳಿಗಾಲ. ಹೊರಗೆ ಹಿಮ, ಒಳಗೆ ದಿನವೂ ಅದೇ ಕವಾಯತು ಮಾಡಿ ಬೇಸತ್ತ ವಿದ್ಯಾರ್ಥಿಗಳು. ಅವರ ವ್ಯಾಯಾಮ ಶಿಕ್ಷಕ ಜೇಮ್ಸ್ ನೈಸ್ಮಿತ್, ಕಟ್ಟಡದೊಳಗೇ ಆಡಬಹುದಾದ ಆಟವೊಂದನ್ನು ಯೋಚಿಸಿ ಎರಡು ಪೆಟ್ಟಿಗೆ ಬೇಕೆಂದು ಜವಾನನನ್ನು ಕೇಳಿದ. ಪೆಟ್ಟಿಗೆ ಸಿಗಲಿಲ್ಲ. ಪೀಚ್ ಹಣ್ಣಿನ ಎರಡು ಬುಟ್ಟಿ ಸಿಕ್ಕವು. ಗ್ಯಾಲರಿಯ ಕಟಕಟೆಗೆ, ಹತ್ತು ಅಡಿ ಎತ್ತರದಲ್ಲಿ, ಅವನ್ನೇ ಮೊಳೆ ಹೊಡೆದು ಕೂರಿಸಿದ. ಹದಿಮೂರು ನಿಯಮ ಬರೆದು ಗೋಡೆಗೆ ಅಂಟಿಸಿದ. ಕಡೆಗೆ ಒಂಬತ್ತು ಜನರಂತೆ ಆಡಿದ ಆ ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಬುಟ್ಟಿ! ರಿಂಗಿನ ಎತ್ತರ ಇಂದಿಗೂ ಅದೇ ಹತ್ತು ಅಡಿ.

ಸೂರು ಬಿಟ್ಟು ಬಯಲಿಗೆ ಬಂದರೆ ಈ ಆಟಕ್ಕೆ ಏನಾಗುತ್ತದೆಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿ ಇದೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪದಕಕ್ಕಾಗಿ ಬ್ಯಾಸ್ಕೆಟ್‌ಬಾಲ್ ಆಡಿಸಿದರು. ಆಡಿಸಿದ್ದು ಟೆನಿಸ್ ಅಂಗಳದ ಮಣ್ಣಿನ ನೆಲದಲ್ಲಿ. ಫೈನಲ್ ದಿನ ಮಳೆ ಸುರಿದು ಅಂಗಳ ಕೆಸರಾಯಿತು. ಚೆಂಡು ಪುಟಿಯಲೇ ಇಲ್ಲ. ಅಮೆರಿಕ ಕೆನಡಾವನ್ನು ಸೋಲಿಸಿದ್ದು 19-8ರಿಂದ. ಒಲಿಂಪಿಕ್ ಫೈನಲ್‌ನಲ್ಲಿ ಎಂಟೇ ಅಂಕ! ನಮ್ಮ ಹುಡುಗರು ಇದನ್ನು ಕೇಳಿದರೆ ನಗಲಾರರು. ಅವರಿಗೆ ಅದು ಜುಲೈ ತಿಂಗಳ ಮಾಮೂಲಿ ಅನುಭವ.

ಮಳೆಯ ಲೆಕ್ಕ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೆಲವು ವರ್ಷ ಆಗುಂಬೆಯನ್ನೂ ಮೀರಿಸುತ್ತದೆ. ಪೇಟೆಗಳಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನ ಕೋರ್ಟನ್ನು ನಂಬುವಂತಿಲ್ಲ. ಒದ್ದೆ ಸಿಮೆಂಟಿನ ಮೇಲೆ ಓಡುತ್ತ ಥಟ್ಟನೆ ತಿರುಗಿದರೆ ಹಿಮ್ಮಡಿ ಉಳುಕುತ್ತದೆ, ಮಂಡಿ ತಿರುಚುತ್ತದೆ. ಮಳೆ ನಿಂತ ಮೇಲೆ ಪಾಚಿ ಕೆರೆದು, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಗೆರೆ ಎಳೆಯುವ ಹೊತ್ತಿಗೆ ಇನ್ನೂ ನಾಲ್ಕು ದಿನ ಕಳೆದಿರುತ್ತದೆ.

ಕಬಡ್ಡಿ, ವಾಲಿಬಾಲ್ ಆಟಗಳು ಮಲೆನಾಡಿನಲ್ಲಿ ಬೇರು ಬಿಟ್ಟದ್ದಕ್ಕೆ ಕಾರಣ ಇಲ್ಲದಿಲ್ಲ. ಗದ್ದೆ ಬಯಲಿನಲ್ಲಿ ಎರಡು ಕಂಬ ನೆಟ್ಟು ನೆಟ್ ಕಟ್ಟಿದರೆ ವಾಲಿಬಾಲ್ ಆಯಿತು. ಬ್ಯಾಸ್ಕೆಟ್‌ಬಾಲ್ ಹಾಗಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲದ ಸಮತಟ್ಟಾದ ಗಟ್ಟಿ ನೆಲ ಬೇಕು, ಅಲುಗಾಡದ ಬೋರ್ಡ್ ಬೇಕು. ಹೀಗಾಗಿ ಇದು ಊರಿನ ಆಟವಾಗದೆ ಕಾಲೇಜಿನ ಆಟವಾಗಿಯೇ ಉಳಿದಿದೆ. ಎಷ್ಟೋ ಹುಡುಗರು ಈ ಚೆಂಡನ್ನು ಮೊದಲು ಕೈಯಲ್ಲಿ ಹಿಡಿಯುವುದೇ ಪದವಿ ತರಗತಿಗೆ ಬಂದ ಮೇಲೆ.

ಅಡಿಕೆಯೋ, ಚೆಂಡೋ?

ಮಳೆ ಹಿಂದೆ ಸರಿಯಿತು, ಕೋರ್ಟು ಒಣಗಿತು. ಇನ್ನೇನು ಆಟ ಶುರು ಎನ್ನುವ ಹೊತ್ತಿಗೆ ತೋಟದಲ್ಲಿ ಅಡಿಕೆ ಕೊಯ್ಲು ಬಂದಿರುತ್ತದೆ. ಹಗಲು ಕೊನೆ ಇಳಿಸಬೇಕು, ರಾತ್ರಿ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಆಳು ಸಿಗದ ಈ ಕಾಲದಲ್ಲಿ ಮನೆಯ ಹುಡುಗನೇ ಒಂದು ಆಳು.

‘ಅಪ್ಪಯ್ಯ, ಇವತ್ತು ಪ್ರಾಕ್ಟೀಸ್ ಇದೆ. ಬರೋದು ತಡ ಆಗುತ್ತೆ.’

‘ಚೆಂಡು ನಾಳೆನೂ ಇರುತ್ತೆ ಮಾರಾಯ. ಅಡಿಕೆ ಕಾಯುತ್ತಾ?’

ಇಂಥ ಮಾತು ನಡೆಯದ ಮನೆ ಈ ಭಾಗದಲ್ಲಿ ಕಡಿಮೆ. ಯಾರದ್ದೂ ತಪ್ಪಿಲ್ಲ, ಇಬ್ಬರದ್ದೂ ಸರಿಯೇ.

ಅಡಿಕೆಯ ನಂತರದ ಅಡ್ಡಿ ಬಸ್ಸು. ತರಗತಿ ಮುಗಿದ ಮೇಲೆಯೇ ಅಭ್ಯಾಸ. ಆದರೆ ಹಳ್ಳಿಯ ಕೊನೆಯ ಬಸ್ಸು ಅಭ್ಯಾಸ ಮುಗಿಯುವ ತನಕ ಕಾಯುವುದಿಲ್ಲ. ಸಾಗರ ತಾಲ್ಲೂಕಿನ ತುಮರಿ ಕಡೆಯ ವಿದ್ಯಾರ್ಥಿಗಳದ್ದು ಇನ್ನೊಂದು ಕತೆ. ಲಿಂಗನಮಕ್ಕಿ ಹಿನ್ನೀರಿನ ಆಚೆ ಇರುವ ಅವರು ದಶಕಗಳ ಕಾಲ ಲಾಂಚಿನ ವೇಳೆ ನೋಡಿಕೊಂಡೇ ಬದುಕಿದವರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಮನೆಯೇ ತಪ್ಪಿದಂತೆ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುಕೊಂಡ ಮೇಲೆ ಆ ಒಂದು ಅಡ್ಡಿ ಕಳೆದಿದೆ. ಸೇತುವೆಯಿಂದ ಆಸ್ಪತ್ರೆಗೆ, ಪೇಟೆಗೆ ಅನುಕೂಲವಾಯಿತೆಂದು ಎಲ್ಲರೂ ಹೇಳುತ್ತಾರೆ. ಸಂಜೆ ಒಂದು ಗಂಟೆ ಹೆಚ್ಚು ಆಡುವ ಅವಕಾಶವೂ ಅದರೊಂದಿಗೆ ಬಂದಿದೆ ಎಂಬುದನ್ನು ಸೇರಿಸಿಕೊಳ್ಳಬಹುದು.

ನಲವತ್ತು ನಿಮಿಷದ ಋತು

ಇಷ್ಟೆಲ್ಲ ದಾಟಿ ತಂಡ ಹೊರಡುವುದು ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿಗೆ. 1987ರಲ್ಲಿ ಸ್ಥಾಪನೆಯಾದ, ಶಂಕರಘಟ್ಟದಲ್ಲಿರುವ ಈ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳಿವೆ. ನಗರದ ಕಾಲೇಜುಗಳಲ್ಲಿ ಹೈಸ್ಕೂಲಿನಿಂದಲೇ ಆಡಿಕೊಂಡು ಬಂದ ಹುಡುಗರಿರುತ್ತಾರೆ. ಇಂಥ ಟೂರ್ನಿಗಳು ಸಾಮಾನ್ಯವಾಗಿ ನಾಕೌಟ್. ಅಂದರೆ ಒಂದು ಸೋಲು, ಊರಿಗೆ ಬಸ್ಸು.

ತಂದೆಯ ಕಾಲದಲ್ಲಿ ಆಟ ಇಪ್ಪತ್ತು ನಿಮಿಷದ ಎರಡು ಭಾಗಗಳಲ್ಲಿ ನಡೆಯುತ್ತಿತ್ತು. ಚೆಂಡು ಕೈಗೆ ಬಂದ ಮೇಲೆ ಮೂವತ್ತು ಸೆಕೆಂಡಿನೊಳಗೆ ಹೊಡೆದರೆ ಸಾಕಿತ್ತು. 2000ದಲ್ಲಿ ನಿಯಮ ಬದಲಾಯಿತು. ಈಗ ಹತ್ತು ನಿಮಿಷದ ನಾಲ್ಕು ಭಾಗ, ಹೊಡೆಯಲು ಇಪ್ಪತ್ನಾಲ್ಕೇ ಸೆಕೆಂಡು. ಆಟ ಚುರುಕಾಗಿದೆ. ಅಭ್ಯಾಸವಿಲ್ಲದ ತಂಡ ಮೂರನೆಯ ಭಾಗದ ಹೊತ್ತಿಗೆ ಏದುಸಿರು ಬಿಡುತ್ತದೆ. ತಡವಾಗಿ ಓಡಿ ಬಂದು ಕೈ ಹಾಕುವುದರಿಂದ ಫೌಲ್ ಹೆಚ್ಚುತ್ತವೆ. ಐದು ಫೌಲ್ ಆದವನು ಹೊರಗೆ. ಮಳೆಗಾಲದಲ್ಲಿ ಕಳೆದುಹೋದ ಮೂರು ತಿಂಗಳು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಹಾಗೆಂದು ಸೋತ ತಂಡದವನಿಗೆ ಬಾಗಿಲು ಮುಚ್ಚಿತೆಂದು ತಿಳಿಯಬೇಕಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಹನ್ನೆರಡು ಜನರನ್ನು ಆರಿಸುವಾಗ ಸೋತವರ ಆಟವನ್ನೂ ನೋಡುತ್ತಾರೆ. ಅಲ್ಲಿ ಆಯ್ಕೆಯಾದವನಿಗೆ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯ, ಅಲ್ಲಿ ತಂಡ ಗೆದ್ದು ಮೇಲೆ ಬಂದರೆ ಅಖಿಲ ಭಾರತ ಮಟ್ಟ. 2020ರಿಂದ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಎಂಬ ಇನ್ನೊಂದು ಮೆಟ್ಟಿಲೂ ಸೇರಿದೆ. 2022ರಲ್ಲಿ ಅದು ನಡೆದದ್ದು ಬೆಂಗಳೂರಿನಲ್ಲೇ.

ಪಡಸಾಲೆಯಲ್ಲಿ ಮಾಡಬಹುದಾದದ್ದು

ಸೂರು ಇಲ್ಲವೆಂದು ಮೂರು ತಿಂಗಳು ಸುಮ್ಮನೆ ಕೂರಬೇಕೆ? ಬೇಕಿಲ್ಲ. ಕಾಲೇಜಿನ ಉದ್ದನೆಯ ಜಗಲಿಯಲ್ಲಿ, ಸಭಾಂಗಣದಲ್ಲಿ ಚೆಂಡು ಪುಟಿಸಬಹುದು. ಬಲಗೈಯಲ್ಲಿ ಪುಟಿಸಿದಷ್ಟೇ ಹೊತ್ತು ಎಡಗೈಯಲ್ಲೂ ಪುಟಿಸಬೇಕು, ಚೆಂಡನ್ನು ನೋಡದೆ ಪುಟಿಸಬೇಕು. ಗೋಡೆಗೆ ಎಸೆದು ಹಿಡಿದರೆ ಪಾಸ್ ಪಳಗುತ್ತದೆ. ಮಂಡಿ ಬಗ್ಗಿಸಿ ಅಡ್ಡಡ್ಡ ಸರಿಯುವುದು, ಹಗ್ಗದಾಟ, ಮೆಟ್ಟಿಲು ಹತ್ತಿ ಇಳಿಯುವುದು, ಇವಕ್ಕೆ ರಿಂಗು ಬೇಕಿಲ್ಲ. ಮಳೆ ಬಿಟ್ಟ ಮೇಲೆ ಫ್ರೀ ಥ್ರೋಗೆ ಸಮಯ ಕೊಡಬಹುದು. ಬೋರ್ಡಿನಿಂದ ಹದಿನೈದು ಅಡಿ ದೂರದ ಗೆರೆ, ಅಡ್ಡ ಬರುವವರಿಲ್ಲ. ಇಲ್ಲಿ ಎತ್ತರ, ಮೈಕಟ್ಟು ಲೆಕ್ಕಕ್ಕಿಲ್ಲ, ಕೈ ಪಳಗಿರಬೇಕು ಅಷ್ಟೆ. ಸಣ್ಣ ಊರಿನ ತಂಡ ದೊಡ್ಡ ಊರಿನ ತಂಡಕ್ಕೆ ಸಮನಾಗಿ ನಿಲ್ಲಬಹುದಾದ ಜಾಗ ಇದೊಂದು.

ಇದರಿಂದ ಏನು ಪ್ರಯೋಜನ?

ಪೋಷಕರ ಪ್ರಶ್ನೆ ಇದೇ. ಉತ್ತರವನ್ನು ಸಕ್ಕರೆ ಸವರದೆ ಹೇಳಬೇಕು.

ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ 2015ರಲ್ಲಿ ಅಮೆರಿಕದ ಎನ್‌ಬಿಎ ತಂಡವೊಂದಕ್ಕೆ ಆಯ್ಕೆಯಾದ. ಭಾರತದಲ್ಲಿ ಹುಟ್ಟಿದವರಲ್ಲಿ ಆತನೇ ಮೊದಲಿಗ. ಎತ್ತರ ಏಳಡಿ ಎರಡಂಗುಲ! ಆದರೂ ಎನ್‌ಬಿಎ ಋತುವಿನ ಒಂದು ಪಂದ್ಯವನ್ನೂ ಆಡುವ ಅವಕಾಶ ಆತನಿಗೆ ಸಿಗಲಿಲ್ಲ. ನಮ್ಮ ದೇಶದ ಪುರುಷರ ತಂಡ ಒಲಿಂಪಿಕ್ಸ್‌ಗೆ ಹೋದದ್ದು 1980ರಲ್ಲಿ, ಮಾಸ್ಕೋಗೆ, ಒಂದೇ ಸಲ. ಆದ್ದರಿಂದ ಈ ಆಟವೇ ಮಗನಿಗೆ ಅನ್ನ ಹಾಕುತ್ತದೆಂದು ನಂಬಿ ಕೂರುವುದು ಜಾಣತನವಲ್ಲ. ರೈಲ್ವೆ, ಪೊಲೀಸ್ ಮೊದಲಾದ ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆ ಅವಕಾಶ ಇದೆ ನಿಜ. ಆದರೆ ಅದು ಮೇಲಿನ ಮಟ್ಟ ಮುಟ್ಟಿದ ಕೆಲವರಿಗೆ.

ಉಳಿದವರಿಗೆ ಸಿಗುವುದು ಬೇರೆ. ಹೇಳಿದ ಹೊತ್ತಿಗೆ ಬರುವುದು, ಗೆಳೆಯನ ತಪ್ಪಿಗೆ ಕೂಗಾಡದಿರುವುದು, ರೆಫರಿ ಕೊಟ್ಟ ತೀರ್ಪನ್ನು ನುಂಗಿಕೊಳ್ಳುವುದು, ಸೋತು ಬಂದ ಮರುದಿನ ಮತ್ತೆ ಕೋರ್ಟಿಗೆ ಇಳಿಯುವುದು. ಇವನ್ನು ತರಗತಿಯಲ್ಲಿ ಕಲಿಸಲಾಗದು. ಹಳ್ಳಿಯಿಂದ ಬಂದು ನಾಲ್ಕು ಜನರೆದುರು ಮಾತಾಡಲು ಹಿಂಜರಿಯುವ ಹುಡುಗನಿಗೆ ಬೇರೆ ಊರಿನ ಕೋರ್ಟಿನಲ್ಲಿ ‘ಪಾಸ್ ಕೊಡು’ ಎಂದು ಗಟ್ಟಿಯಾಗಿ ಕೂಗುವುದೂ ಒಂದು ಪಾಠವೇ.

ಅದಕ್ಕೆ ಬೆಲೆಯೂ ಇದೆ. ಸೆಮಿಸ್ಟರ್ ಪದ್ಧತಿಯಲ್ಲಿ ಇಂಟರ್ನಲ್ ಪರೀಕ್ಷೆ ಮತ್ತು ಪಂದ್ಯ ಒಂದೇ ವಾರ ಬೀಳುವುದುಂಟು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೇ ಸಂಚಕಾರ. ವರ್ಷದ ಆರಂಭದಲ್ಲೇ ಮಗ, ಪೋಷಕರು, ಫಿಸಿಕಲ್ ಡೈರೆಕ್ಟರ್ ಮೂವರೂ ಕೂತು ಮಾತಾಡಿಕೊಂಡರೆ ಅರ್ಧ ತಾಪತ್ರಯ ಕಳೆಯುತ್ತದೆ. ಯಾವ ದಿನ ಅಭ್ಯಾಸ, ಯಾವ ಬಸ್ಸು, ತಪ್ಪಿದ ಪಾಠದ ನೋಟ್ಸ್ ಯಾರಿಂದ, ಕೊಯ್ಲಿನ ವಾರ ರಜೆ ಎಷ್ಟು ಎಂಬುದು ಮೊದಲೇ ನಿಶ್ಚಯವಾಗಿರಲಿ.

ಸ್ಪ್ರಿಂಗ್‌ಫೀಲ್ಡಿನ ಮೇಷ್ಟ್ರಿಗೆ ಇದ್ದದ್ದು ಎರಡು ಹಣ್ಣಿನ ಬುಟ್ಟಿ ಮತ್ತು ಒಂದು ಸೂರು. ನಮ್ಮ ಕಾಲೇಜುಗಳಲ್ಲಿ ಚೆಂಡು ಇದೆ, ರಿಂಗು ಇದೆ, ಆಡುವ ಹುಡುಗರಿದ್ದಾರೆ. ಅಡಿಕೆಗೆ, ಭತ್ತಕ್ಕೆ, ಹುಲ್ಲಿಗೆ ಮಾಡು ಕಟ್ಟಿ ಮಳೆಯಿಂದ ಕಾಪಾಡಲು ಬಲ್ಲ ಮಲೆನಾಡು, ಮೂರು ತಾಲ್ಲೂಕಿಗೆ ಮೂರು ಕೋರ್ಟುಗಳ ಮೇಲೆ ತಗಡಿನ ಮಾಡು ಹಾಕಲಾರದೆ?

ಅಲ್ಲಿಯವರೆಗೆ, ಅಪ್ಪಯ್ಯ, ವಾರಕ್ಕೆರಡು ಸಂಜೆ ಹುಡುಗನನ್ನು ಬಿಡಿ. ಅಡಿಕೆ ಸುಲಿಯಲು ಅವನು ರಾತ್ರಿ ಬಂದು ಕೂರುತ್ತಾನೆ.